ಹಿತ್ತಲ ಬಾಗಿಲಿಂದ ಹೋದವಳು

"ಮೇಲಿನ ಗುಂಡಿ ಹಾಕಬೇಡಿ ಅತ್ತಿಗೆ, ಅವನಿಗೆ ಉಸಿರು ಕಟ್ಟುತ್ತೆ" ಎಂದ ಡ್ರೈವರ್. ಅಂದಮೇಲೆ ತಾನು ಏನಂದೆ ಎಂಬುದು ಹೊಳೆದು ನಾಲಿಗೆ ಕಚ್ಚಿಕೊಂಡ.

ಟೀಚರಮ್ಮ ಉಸಿರಿಲ್ಲದೆ ಮಲಗಿದ್ದ ಗಂಡನ ಕೊರಳ ಬಳಿ ಹಿಡಿದಿದ್ದ ಗುಂಡಿಯನ್ನು ಹಾಗೇ ಬಿಟ್ಟರು. ಖಾಕಿ ಅಂಗಿಯನ್ನು ಡ್ರೈವರೇ ಇಸ್ತ್ರಿ ಮಾಡಿಸಿ ತಂದಿದ್ದ. ಒಂದೇ ಬಸ್ಸಿನಲ್ಲಿ ಇವನು ಮುಂದೆ ಸ್ಟೇರಿಂಗು, ಟೀಚರಮ್ಮನ ಗಂಡ ಹಿಂದೆ ಕಂಡಕ್ಟರ್ ಸೀಟಿ ಅಂತ ಆಯುಸ್ಸೆಲ್ಲ ಕಳೆದವರು. ಕಂಡಕ್ಟರ್ ಹೋಗುವಾಗ ಯೂನಿಫಾರಮ್ಮಿನಲ್ಲೇ ಹೋಗಬೇಕು ಅನ್ನುವುದು ಇವನ ಹಟ. ಒಂದು ಕಾಲದಲ್ಲಿ ಹೊಟ್ಟೆಯ ಹತ್ತಿರ ಬಿಗಿಯುತ್ತಿದ್ದ ಅಂಗಿಯೊಳಗೆ ಈಗ ಇನ್ನೊಬ್ಬರು ತೂರಬಹುದಿತ್ತು.

ನಡುಮನೆ ತುಂಬ ಜನ. ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮುಖ ಸಣ್ಣ ಮಾಡಿಕೊಂಡು, ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಕೊನೇ ಗಳಿಗೇಲಿ ಹತ್ತಿರ ಇದ್ರಾ?"

"ಇದ್ರು," ಎಂದು ಮಗಳು ಪ್ರತಿಸಲವೂ ತಾಯಿಯ ಪರವಾಗಿ ಉತ್ತರ ಕೊಡುತ್ತಿದ್ದಳು. "ಅಮ್ಮ ಅಪ್ಪನ್ನ ಒಂದು ನಿಮಿಷ ಬಿಟ್ಟು ಹೋದೋರಲ್ಲ."

"ನಿಮ್ಮ ಶ್ರಮಾನೇ ಟೀಚರಮ್ಮ. ಹೋದ ವರ್ಷ ಹೇಗಾಗಿಹೋಗಿದ್ರು, ಈಚೆಗೆ ಹೇಗೆ ನಗ್ತಾ ಇದ್ರು! ಪಟ್ಟು ಹಿಡಿದು ಉಳಿಸ್ಕೊಂಡ್ರಿ."

ಅಯ್ಯೋ, ಪಟ್ಟು ಹಿಡಿದದ್ದು ಎಲ್ಲಿ ಬಂತು! ಟೀಚರಮ್ಮ ಗಂಡನ ತಣ್ಣಗಿನ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು ತಲೆ ತಗ್ಗಿಸಿದರು. ನಿನ್ನೆ ಸಾಯಂಕಾಲ ಆ ಜೀವ ಹೋದಾಗ ಅವರು ಹತ್ತಿರ ಇರಲಿಲ್ಲ. ಹೆಗಲಿಗೆ ಬ್ಯಾಗು ಹಾಕಿಕೊಂಡು ಬೀದಿಯಲ್ಲಿ ನಡೆಯುತ್ತಿದ್ದರು. ಇದನ್ನು ಯಾರಿಗೆ ಹೇಳುವುದು? ಹೇಳಿದರೂ ಹೇಗೆ ಹೇಳುವುದು?

*

ಟೀಚರಮ್ಮನ ಕ್ಲಾಸಿನಲ್ಲಿ 'ಬರಲ್ಲ' ಎಂಬ ಮಾತಿಗೆ ಜಾಗವಿರಲಿಲ್ಲ. ಎಂಥ ದಡ್ಡ ಮಗುವಾದರೂ ಸರಿ, ಮಗ್ಗಿ ಬಾಯಿಗೆ ಬರುವ ತನಕ ಮನೆಗೆ ಬಿಡುತ್ತಿರಲಿಲ್ಲ. ಕಂಡಕ್ಟರಿಗೆ ಮರೆವಿನ ಕಾಯಿಲೆ ಅಂಟಿದಾಗ ಡಾಕ್ಟರು ಇನ್ನು ಇದು ಹೀಗೇ ಅಂದರು. ಇವರು ಬಿಡುವ ಪೈಕಿಯೇ? ನಡುಮನೆಯ ಗೋಡೆಗೆ ಕರಿಹಲಗೆ ಬಂತು. ಬೆಳಗ್ಗೆ ಹಾಲು ಕುಡಿದ ಕೂಡಲೇ ಪಾಠ.

"ಇವತ್ತು ಯಾವ ವಾರ?"

"ಸೋಮವಾರ... ಅಲ್ವಾ?"

"ನಿನ್ನೆ ಸೋಮವಾರ. ಇರಲಿ. ಮಗಳು ಎಲ್ಲಿ ಕೆಲಸ ಮಾಡ್ತಾಳೆ?"

"ಆಸ್ಪತ್ರೇಲಿ."

"ಭೇಷ್. ನಾನು ಯಾರು?"

ಕಂಡಕ್ಟರು ಸೂರು ನೋಡುತ್ತಿದ್ದರು. ಆಮೇಲೆ ಕರಿಹಲಗೆ, ಸೀಮೆಸುಣ್ಣ, ಅದನ್ನು ಹಿಡಿದ ಕೈ. "ಟೀಚರ್," ಅನ್ನುತ್ತಿದ್ದರು.

"ಟೀಚರ್ ಹೌದು. ನಿಮಗೆ ಏನಾಗಬೇಕು?"

"ಬರಲ್ಲ ಟೀಚರ್."

ಆ ಒಂದು ಉತ್ತರಕ್ಕಾಗಿ ತಿಂಗಳುಗಟ್ಟಲೆ ಒದ್ದಾಡಿದರು. ಮದುವೆಯ ಫೋಟೋ ತೋರಿಸಿದರು, ಗದರಿದರು, ಮುದ್ದು ಮಾಡಿದರು, ಊಟ ತಡ ಮಾಡಿದ್ದೂ ಉಂಟು. ಅವರು ತಿದ್ದಿದಷ್ಟೂ ಕಂಡಕ್ಟರು ಕುಗ್ಗಿದರು. ಬೆಳಗಾದರೆ ಹೊದಿಕೆಯೊಳಗೆ ಅವಿತುಕೊಳ್ಳುತ್ತಿದ್ದರು. ಒಂದು ದಿನ ಇವರು ಸೀಮೆಸುಣ್ಣ ಕೈಗೆತ್ತಿಕೊಂಡರೋ ಇಲ್ಲವೋ, ಪ್ರಶ್ನೆ ಕೇಳುವುದಕ್ಕೂ ಮುಂಚೆ ಆ ಮುದುಕರು ಕಣ್ಣು ಬಿಗಿಯಾಗಿ ಮುಚ್ಚಿ, ಬೆತ್ತದ ಏಟಿಗೆ ಅಂಗೈ ಮುಂದೆ ಚಾಚಿದರು.

ಟೀಚರಮ್ಮ ಅಡುಗೆಮನೆಗೆ ಹೋಗಿ ಟವೆಲ್ಲಿನಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹೊರಗೆ ಬಂದು ಕರಿಹಲಗೆ ಒರೆಸಿದರು, ಮೊಳೆಯಿಂದ ಇಳಿಸಿದರು. ಅಂದಿನಿಂದ ಗಂಡನನ್ನು ಏನೊಂದೂ ಕೇಳಲಿಲ್ಲ. ಗೊತ್ತಿದ್ದರೆ ಗೊತ್ತಿರಲಿ, ಇಲ್ಲದಿದ್ದರೆ ಇಲ್ಲ, ಸಾಕಪ್ಪಾ ಸಾಕು ಎಂದು ಕಿಟಕಿಯ ಹತ್ತಿರ ಕೂತು ಬಟಾಣಿ ಬಿಡಿಸತೊಡಗಿದರು.

ಕೆಲವು ದಿನ ಹೀಗೇ ಕಳೆದವು. ಆಮೇಲೆ ಒಂದು ಮಧ್ಯಾಹ್ನ ಕಂಡಕ್ಟರು ಕುರ್ಚಿಯನ್ನು ತಾವೇ ಹತ್ತಿರ ಎಳೆದುಕೊಂಡರು.

"ನೀವು ಎಲ್ಲಿ ಇಳೀಬೇಕು?"

"ಕೊನೇ ಸ್ಟಾಪು. ಅವಸರ ಏನಿಲ್ಲ."

"ಹಾಗಾದ್ರೆ ಆರಾಮಾಗಿ ಕೂತ್ಕೊಳ್ಳಿ," ಎಂದು ತಾವೂ ಒಂದು ಹಿಡಿ ಬಟಾಣಿ ತೆಗೆದುಕೊಂಡರು. ಸಿಪ್ಪೆ ಬಿಡಿಸುತ್ತಾ ಬಿಡಿಸುತ್ತಾ ಮಾತು ಶುರುವಾಯಿತು. "ನನ್ನ ಹೆಂಡ್ತಿ ಇದ್ದಾಳಲ್ಲ, ಬಾಯಿ ಬಲು ಜೋರು. ಇಡೀ ದಿನ ಮಕ್ಕಳ ಹತ್ತಿರ ಕೂಗಿ ಕೂಗಿ ಗಂಟಲು ಬಿದ್ದುಹೋಗಿರುತ್ತೆ, ಪಾಪ. ಬೆಳಗಿನ ಪಾಳಿ ಇದ್ರೆ ನಾನೇ ಮುಂಚೆ ಬಂದು ಬಿಸಿನೀರು ಕಾಯಿಸಿ ಇಡ್ತೀನಿ. ಯಾರು ಇಟ್ರು ಅಂತ ಕೇಳಲ್ಲ, ಗಟಗಟ ಕುಡೀತಾಳೆ. ಲೋಟ ಖಾಲಿ ಮಾಡ್ತಾಳಲ್ಲ, ನನಗೆ ಅಷ್ಟು ಸಾಕು."

ಅಷ್ಟು ವರ್ಷ ಕುಡಿದ ಬಿಸಿನೀರೆಲ್ಲ ಟೀಚರಮ್ಮನ ಕಣ್ಣಿಗೆ ಬಂತು. ಈ ಮಾತನ್ನು ಹೆಂಡತಿಗೆ ಹೇಳುವ ಗಂಡಸಲ್ಲ ಅವರು. ಬಟಾಣಿ ಬಿಡಿಸುವ ಯಾರೋ ಹೆಂಗಸಿಗೆ ಹೇಳಿದರು.

ಹೊತ್ತು ಇಳಿಯುತ್ತಲೇ ಕಂಡಕ್ಟರಿಗೆ ಚಡಪಡಿಕೆ. "ಬೇಜಾರು ಮಾಡ್ಕೋಬೇಡಿ, ನೀವಿನ್ನು ಹೊರಡಿ. ಅವಳು ಬರೋ ಹೊತ್ತಾಯ್ತು. ಮನೇಲಿ ಬೇರೆ ಹೆಂಗಸು ಕೂತಿರೋದು ಕಂಡ್ರೆ ನನ್ನ ಗತಿ ಮುಗೀತು!"

ಹಿಂದಿನ ಟೀಚರಮ್ಮನಾಗಿದ್ದರೆ, 'ನಾನೇ ರೀ ನಿಮ್ಮ ಹೆಂಡ್ತಿ' ಎಂದು ಮದುವೆಯ ಫೋಟೋ ತಂದು ಮೂಗಿಗೆ ಹಿಡಿಯುತ್ತಿದ್ದರು. ಈಗ ಸುಮ್ಮನೆ ಎದ್ದರು. ಶಾಲೆಗೆ ಒಯ್ಯುತ್ತಿದ್ದ ಬ್ಯಾಗು ಹೆಗಲಿಗೆ ಹಾಕಿಕೊಂಡರು, ಹಿತ್ತಲ ಬಾಗಿಲಿಂದ ಇಳಿದರು, ಓಣಿ ಸುತ್ತಿ ಬೀದಿಗೆ ಬಂದು ಮುಂಬಾಗಿಲು ತಳ್ಳಿದರು.

ಕುರ್ಚಿಯಲ್ಲಿದ್ದ ಮುಖ ಅರಳಿತು.

"ಬಂದ್ಯಾ?"

ಅಷ್ಟೇ. 'ನೀವು' ಹೋಗಿ 'ನೀನು' ಆಗಿತ್ತು. ಟೀಚರಮ್ಮ ಬ್ಯಾಗನ್ನು ಹೆಗಲಿಂದ ಇಳಿಸುತ್ತಾ, "ಹ್ಞೂ ರೀ, ಬಂದೆ" ಎಂದರು. ಆಮೇಲೆ ದಿನವೂ ಹಾಗೆಯೇ ನಡೆಯಿತು. ಮಧ್ಯಾಹ್ನ ಪರಕೀಯಳು, ಸಾಯಂಕಾಲ ಹೆಂಡತಿ. ಅದಕ್ಕಿಂತ ಸುಖದ ಸಂಸಾರವನ್ನು ಅವರಿಬ್ಬರೂ ಹಿಂದೆಂದೂ ಮಾಡಿರಲಿಲ್ಲ.

ನಿನ್ನೆಯೂ ಹೋಗಿ ಬಂದರು. ಬಾಗಿಲು ತಳ್ಳಿದರು. ಕುರ್ಚಿಯಲ್ಲಿ ತಲೆ ಪಕ್ಕಕ್ಕೆ ವಾಲಿತ್ತು, 'ಬಂದ್ಯಾ' ಎಂಬ ಮಾತು ಬರಲಿಲ್ಲ.

*

"ಟೀಚರಮ್ಮಾ, ಒಂದು ಮಾತು," ಎಂದು ಎದುರುಮನೆಯ ಟೈಲರಮ್ಮ ಪಕ್ಕದಲ್ಲಿ ಕುಕ್ಕರಿಸಿದಳು. ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದವಳ ತೋಳಿಗೆ ದಾರದ ತುಂಡುಗಳು ಅಂಟಿದ್ದವು. "ಬೈಬೇಡಿ ಮತ್ತೆ. ನಿನ್ನೆ ಸಾಯಂಕಾಲ ಬಟ್ಟೆ ಗಂಟು ಹೊತ್ಕೊಂಡು ನಿಮ್ಮ ಕಿಟಕಿ ಕೆಳಗೆ ಹೋಗ್ತಿದ್ದೆ. ನಿಮ್ಮ ಯಜಮಾನ್ರು ಶ್ ಅಂತ ಕರೆದ್ರು. ನೀವು ಆಗ ಓಣೀಲಿ ಹೋಗ್ತಾ ಇದ್ರಿ. 'ಅಲ್ಲಿ ನೋಡಿ, ನನ್ನ ಹೆಂಡ್ತಿ' ಅಂದ್ರು."

ಟೀಚರಮ್ಮ ತಲೆ ಎತ್ತಿದರು. "ಏನಂದ್ರು?"

"ನನ್ನ ಹೆಂಡ್ತಿ ಅಂದ್ರು. 'ದಿನಾ ಹಿಂದಿನ ಬಾಗಿಲಲ್ಲಿ ಇಳಿದು ಮುಂದಿನ ಬಾಗಿಲಲ್ಲಿ ಹತ್ತುತ್ತಾಳೆ. ನನಗೋಸ್ಕರ. ನನಗೆ ಗೊತ್ತು ಅಂತ ಹೇಳಿಬಿಟ್ಟೀರಿ, ನಾಳೆಯಿಂದ ನಿಲ್ಲಿಸಿಬಿಡ್ತಾಳೆ. ಅವಳು ಬರೋದು ನೋಡೋಕೆ ನನಗೆ ಆಸೆ' ಅಂತ ನಕ್ಕರು. ಏನೋ ಹಳೇ ಬಸ್ಸಿನ ಮಾತು, ಪಾಪ, ಅಂದ್ಕೊಂಡು ನಾನೂ ನಕ್ಕು ಹೋದೆ."

ಟೀಚರಮ್ಮನ ಬಾಯಿಂದ ಬಂದ ಧ್ವನಿಗೆ ಮಗಳು ಓಡಿ ಬಂದು ಅಪ್ಪಿಕೊಂಡಳು. ಬೆಳಗಿನಿಂದ ತಡೆದಿದ್ದೆಲ್ಲ ಒಂದೇ ಸಲಕ್ಕೆ ಒಡೆದು ಬಂತು.

"ನಾನು ಹತ್ತಿರ ಇರಲಿಲ್ಲ ಕಣೇ. ಬೀದೀಲಿದ್ದೆ. ಅವರು ಒಬ್ಬರೇ ನನ್ನ ದಾರಿ ನೋಡ್ತಾ..."

ಮಗಳಿಗೆ ತಲೆಬುಡ ತಿಳಿಯಲಿಲ್ಲ. ಆದರೂ, "ಹೂಂ ಅಮ್ಮಾ, ಅತ್ತುಬಿಡು," ಎಂದು ಬೆನ್ನು ಸವರಿದಳು.

ಹೊರಗೆ ವ್ಯಾನು ಬಂದು ನಿಂತಿತು. ಎತ್ತೋಣವೇ ಎಂದು ಯಾರೋ ಕೇಳಿದರು. ಡ್ರೈವರ್ ತಲೆಯ ಕಡೆ ಹೆಗಲು ಕೊಟ್ಟ. ನಾಲ್ಕು ಜನ ಸೇರಿ ಮುಂಬಾಗಿಲಿಂದ ಇಳಿಸಿ, ಬೀದಿಯಲ್ಲಿ ವ್ಯಾನಿನ ಪಕ್ಕ ಕೆಳಗಿಟ್ಟರು.

"ಅಮ್ಮ ಎಲ್ಲಿ?" ಮಗಳು ಗಾಬರಿಯಾದಳು. "ಈಗ ಇಲ್ಲೇ ಇದ್ರಲ್ಲ! ಅಮ್ಮಾ!"

ಒಳಗೆ ನೋಡಿದರು, ಇಲ್ಲ. ಬಚ್ಚಲಲ್ಲಿ ಇಲ್ಲ. ಹಿತ್ತಲ ಬಾಗಿಲು ಹಾರುಹೊಡೆದಿತ್ತು.

ಅಷ್ಟರಲ್ಲಿ ಓಣಿಯ ತಿರುವಿನಿಂದ ಟೀಚರಮ್ಮ ಬಂದರು. ಹೆಗಲಲ್ಲಿ ಬ್ಯಾಗು, ಕಾಲಲ್ಲಿ ಚಪ್ಪಲಿ, ಶಾಲೆ ಬಿಟ್ಟು ಬರುವವರ ದಣಿದ ನಡಿಗೆ. ಜನ ತಾವಾಗಿಯೇ ಸರಿದು ದಾರಿ ಬಿಟ್ಟರು. ಅವರು ಗಂಡನ ತಲೆಯ ಹತ್ತಿರ ಬಂದು ನಿಂತರು. ಬಾಗಿ, ಆ ಮುಖಕ್ಕೆ ಕಿವಿ ಕೊಟ್ಟು, ಒಂದು ಮಾತು ಆಡುವಷ್ಟು ಹೊತ್ತು ಕಾದರು.

"ಹ್ಞೂ ರೀ," ಎಂದರು, "ಬಂದೆ."

ಬ್ಯಾಗನ್ನು ಹೆಗಲಿಂದ ತೆಗೆದು ಕೆಳಗಿಟ್ಟು, ಬೀದಿಯಲ್ಲೇ ಅವರ ಪಕ್ಕ ಕೂತರು.