ಸಿಂಚನಾಳ ಬದಲು ಯಾರು ನಡೆಯಬೇಕು?

ಸಿಂಗಪುರದ ಯಿಶುನ್ ಬಡಾವಣೆಯ ನಮ್ಮ ಫ್ಲಾಟ್ ಬ್ಲಾಕಿನಲ್ಲಿ ನಲ್ಲಿ ತಿರುಗಿಸಿದರೆ ನೀರು, ಬಟನ್ ಒತ್ತಿದರೆ ಲಿಫ್ಟ್. ಯಾವುದಕ್ಕೂ ಕೊರತೆಯಿಲ್ಲ. ಆದರೂ ನಮ್ಮ ಹಿರಿಯರು ಮನೆಯಿಂದ ಕೆಳಗೆ ಇಳಿಯುವುದಿಲ್ಲ. ಮಂಡಿ ನೋವು ಅನ್ನುತ್ತಾರೆ, ಬಿದ್ದರೆ ಹಿಡಿಯುವವರು ಯಾರು ಅನ್ನುತ್ತಾರೆ, ಇಡೀ ದಿನ ಸೋಫಾದ ಮೇಲೆ ಕೂತು ಟಿವಿ ನೋಡುತ್ತಾರೆ. ನಾವು ಆಫೀಸಿನಿಂದ ಬಂದು, ಊಟ ಆಯಿತಾ, ಮಾತ್ರೆ ತಗೊಂಡಿರಾ ಎಂದು ಕೇಳಿ, ನಮ್ಮ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೇವೆ.

ನಾಲ್ಕನೇ ಮಹಡಿಯ ದತ್ತಾತ್ರೇಯ ಅವರ ಮನೆಯಲ್ಲೂ ಇದೇ ಕಥೆ. ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವರು. ಈಗ ಮಗ ಗಿರಿಧರ್, ಸೊಸೆ ಸೀತಾ, ಮೊಮ್ಮಗಳು ಸಿಂಚನಾ ಜೊತೆ ಇಲ್ಲೇ ಇದ್ದಾರೆ. ಸ್ಟ್ರೋಕ್ ಆದಮೇಲೆ ಅವರ ಬಲಗಾಲು ಎಳೆಯುತ್ತದೆ, ಮಾತು ನಿಧಾನವಾಗಿದೆ. ಮಗ ಏನೂ ಕಡಿಮೆ ಮಾಡಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಒಳ್ಳೆಯ ಡಾಕ್ಟರು, ದುಬಾರಿ ವೀಲ್‌ಚೇರು, ಮನೆಯಲ್ಲೇ ಕೂತು ಪೆಡಲ್ ತುಳಿಯುವ ಮೆಷೀನು. ನಂಜನಗೂಡಿನಲ್ಲಿ ಅಪ್ಪನ ಹೆಸರಿಗೆ ಸೇವೆ ಬರೆಸಿದ್ದಾರೆ, ಪ್ರಸಾದ ಪೋಸ್ಟಿನಲ್ಲಿ ಬರುತ್ತದೆ. ಪೆಡಲ್ ಮೆಷೀನಿನ ಮೇಲೆ ಮಾತ್ರ ಸದಾ ಟವೆಲ್ ಒಣಗುತ್ತಿರುತ್ತದೆ.

ನಾನು ರೇಣುಕಾ, ಅದೇ ಬ್ಲಾಕಿನವಳು. ಪಕ್ಕದ ಬ್ಲಾಕಿನ ವತ್ಸಲಾ ನನ್ನ ಗೆಳತಿ, ಫಿಸಿಯೋಥೆರಪಿಸ್ಟ್. ಬ್ಲಾಕಿನ ಕೆಳಗಿನ ತೆರೆದ ವಾಯ್ಡ್ ಡೆಕ್‌ನಲ್ಲಿ ಹಿರಿಯರು ಹಿಡಿದುಕೊಂಡು ನಡೆಯುವುದಕ್ಕೆ ಉದ್ದನೆಯ ಕಂಬಿಗಳನ್ನು ಹಾಕಿಸಬೇಕು ಎನ್ನುವುದು ಅವಳ ಆಸೆ. ಅನುಮತಿ ಸಿಕ್ಕಿತು, ದುಡ್ಡು ಇರಲಿಲ್ಲ. ಆಗ, ಅಂದರೆ 2016ರಲ್ಲಿ, ಹತ್ತಿರದ ಶಾಲೆಯ ಮಕ್ಕಳು ಮುಂದೆ ಬಂದರು. ಮಾರ್ಚ್ ರಜೆಯಲ್ಲಿ ಸೆಂಬವಾಂಗ್‌ನಿಂದ ಪುಂಗೋಲ್‌ವರೆಗೆ, ಪಾರ್ಕುಗಳನ್ನು ಜೋಡಿಸುವ ಪಾರ್ಕ್ ಕನೆಕ್ಟರ್ ಕಾಲುದಾರಿಯಲ್ಲಿ ನಡೆಯುತ್ತೇವೆ, ನಡೆದ ಒಂದೊಂದು ಕಿಲೋಮೀಟರಿಗೆ ಇಷ್ಟು ಎಂದು ಅಕ್ಕಪಕ್ಕದವರು ಕೊಡಲಿ ಎಂದರು. ಕಂಬಿ ಹಾಕಿದ ಮೇಲೆ ಸಂಜೆ ಹೊತ್ತು ಸರದಿಯಂತೆ ಬಂದು ಹಿರಿಯರ ಪಕ್ಕದಲ್ಲಿ ನಡೆಯುವವರೂ ಅವರೇ.

ಸಿಂಚನಾ ಆಗ ಸೆಕೆಂಡರಿ ಟೂ, ಅಂದರೆ ನಮ್ಮ ಎಂಟನೇ ಕ್ಲಾಸು. ನಡಿಗೆಯ ಫಾರಂ ಹಿಡಿದು ಮನೆಮನೆ ಬಾಗಿಲು ತಟ್ಟಿದಳು. ಎರಡನೇ ಮಹಡಿಯ ಮೇಡಂ ಲಿಮ್ ವಾಕರ್ ಇಲ್ಲದೆ ಹೆಜ್ಜೆ ಇಡಲಾರದ ಅಜ್ಜಿ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ತಮ್ಮ ಕಾಲು ತೋರಿಸಿದರು, ಸಿಂಚನಾಳ ಕಾಲು ತೋರಿಸಿದರು, ನೀನು ನಡಿ ಎಂದು ಕೈಸನ್ನೆ ಮಾಡಿ ಫಾರಂನಲ್ಲಿ ಹೆಸರು ಬರೆದುಕೊಟ್ಟರು. ಹುಡುಗಿ ಇದನ್ನು ತಾತನಿಗೆ ಹೇಳಿದ್ದೇ ತಡ, ಅವರು ದಿನಾ ಅವಳ ಬೆನ್ನು ಬಿದ್ದರು. ಹೊಸ ಶೂ ಆ ದಿನ ಹಾಕಬೇಡ, ಕಚ್ಚುತ್ತೆ, ಈಗಿನಿಂದಲೇ ಹಾಕಿಕೊಂಡು ಓಡಾಡು ಎನ್ನುತ್ತಿದ್ದರು. ಮಾವ ಇಷ್ಟು ಮಾತಾಡಿ ಎಷ್ಟು ಕಾಲ ಆಗಿತ್ತು ಎಂದು ಸೀತಾ ನನ್ನ ಹತ್ತಿರ ಹೇಳಿಕೊಂಡಿದ್ದಳು.

ಅಷ್ಟರಲ್ಲಿ ನಮ್ಮ ಕನ್ನಡ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಗಿರಿಧರ್ ಅವರ ಮೆಸೇಜು ಬಂತು. ಪರೀಕ್ಷೆ ಹತ್ತಿರ ಬಂತು, ರಜೆಯಲ್ಲಿ ಟ್ಯೂಷನ್ ಇದೆ, ಬಿಸಿಲು ಬೇರೆ. ಮಕ್ಕಳು ನಡೆಯುವುದೇ ಬೇಡ, ಪೂರ್ತಿ ದುಡ್ಡು ನಾವೇ ಟ್ರಾನ್ಸ್‌ಫರ್ ಮಾಡಿಬಿಡೋಣ. ಸಮಾಜಸೇವೆಯ ಸರ್ಟಿಫಿಕೇಟ್ ಕೊಡುತ್ತಾರಾ ಎಂದು ಶಾಲೆಯನ್ನು ನಾನು ಕೇಳುತ್ತೇನೆ ಎಂದಿದ್ದರು. ತಕ್ಷಣ ಒಬ್ಬರ ಹಿಂದೆ ಒಬ್ಬರು ಹೆಬ್ಬೆಟ್ಟು ಒತ್ತಿದರು. ಅದೇ ಶಾಲೆಯ ಕೌಶಿಕನ ಅಮ್ಮನಂತೂ, ಥ್ಯಾಂಕ್ ಗಾಡ್, ಮಗು ಕಪ್ಪಗಾಗೋದು ತಪ್ಪಿತು ಎಂದು ಬರೆದರು.

ನನಗೆ ಮೈಯೆಲ್ಲ ಉರಿದುಹೋಯಿತು. ನಡೆಯದೆ ನಡೆದವರ ಸರ್ಟಿಫಿಕೇಟ್ ಬೇಕಂತೆ! ಹೀಗೆ ಕೇಳುವವರೇ ಪೇರೆಂಟ್ಸ್ ಮೀಟಿಂಗಿಗೆ ಹೋಗಿ, ನಮ್ಮ ಮಕ್ಕಳಿಗೆ ಜವಾಬ್ದಾರಿ ಇಲ್ಲ ಎಂದು ಟೀಚರ ಮುಂದೆ ದೂರುತ್ತಾರೆ.

ಅಂದು ಸಂಜೆಯೇ ವತ್ಸಲಾಳನ್ನು ಕರೆದುಕೊಂಡು ಗಿರಿಧರ್ ಮನೆಗೆ ಹೋದೆ. ಸಿಂಚನಾ ಅತ್ತು ಮುಖ ಊದಿಸಿಕೊಂಡಿದ್ದಳು. ಗಿರಿಧರ್ ಸೌಜನ್ಯವಾಗಿಯೇ ಕೂರಿಸಿದರು, ಸೀತಾ ಕಾಫಿ ತಂದಳು. ದತ್ತಾತ್ರೇಯ ಅವರು ತಮ್ಮ ಮೂಲೆಯಲ್ಲಿ ಕೂತಿದ್ದರು.

"ದುಡ್ಡು ಬರುತ್ತಲ್ಲ ವತ್ಸಲಾ ಅವರೇ, ಪ್ರಾಜೆಕ್ಟ್ ಆಗುತ್ತೆ. ಪ್ರಾಬ್ಲಮ್ ಏನು?" ಎಂದರು ಗಿರಿಧರ್. "ಈ ಹ್ಯುಮಿಡಿಟಿಯಲ್ಲಿ ಮಕ್ಕಳು ತಲೆಸುತ್ತಿ ಬಿದ್ರೆ ಯಾರು ರೆಸ್ಪಾನ್ಸಿಬಲ್?"

ಆ ಭಯ ತಪ್ಪಲ್ಲ ಎಂದು ವತ್ಸಲಾ ಒಪ್ಪಿಕೊಂಡಳು. ಬೆಳಕು ಹರಿಯುವಾಗಲೇ ಹೊರಡುತ್ತೇವೆ, ಬಿಸಿಲೇರುವ ಹೊತ್ತಿಗೆ ಮುಗಿಸುತ್ತೇವೆ, ದಾರಿಯುದ್ದಕ್ಕೂ ನೀರು ಇರುತ್ತದೆ, ಟೀಚರುಗಳೂ ಒಬ್ಬ ನರ್ಸೂ ಜೊತೆಗಿರುತ್ತಾರೆ ಎಂದು ಬಿಡಿಸಿ ಹೇಳಿದಳು. ಸುಸ್ತಾದವರು ಯಾವಾಗ ಬೇಕಾದರೂ ವ್ಯಾನ್ ಹತ್ತಬಹುದು, ನಡೆದಷ್ಟು ದೂರ ಲೆಕ್ಕಕ್ಕೆ ಬರುತ್ತದೆ. ಕ್ಯಾಪು, ಪಳಗಿದ ಶೂ, ಹೊಟ್ಟೆಗೆ ತಿಂಡಿ, ಇಷ್ಟು ಇದ್ದರೆ ಸಾಕು ಎಂದಳು.

"ಆಮೇಲೆ ಇನ್ನೊಂದು ವಿಷಯ, ಗಿರಿಧರ್," ಎಂದಳು ವತ್ಸಲಾ. "ಇದು ದೇವಸ್ಥಾನದಲ್ಲಿ ಸೇವೆ ಬರೆಸೋ ಥರ ಅಲ್ಲ. ಅಲ್ಲಿ ನಿಮ್ಮ ಹೆಸರಲ್ಲಿ ಅರ್ಚಕರು ಪೂಜೆ ಮಾಡ್ತಾರೆ, ಸರಿ. ಇಲ್ಲಿ ಸಿಂಚನಾ ಹೆಸರಲ್ಲಿ ಯಾರು ನಡೀಬೇಕು? ಆ ಲಿಮ್ ಅಜ್ಜಿ ಸೈನ್ ಮಾಡಿರೋದು ಇವಳು ನಡೀತಾಳೆ ಅಂತ. ಈ ನಡಿಗೆಗೇ ಬರದ ಮಕ್ಕಳು ನಾಳೆ ಹಿರಿಯರ ಪಕ್ಕದಲ್ಲಿ ಹೇಗೆ ನಡೀತಾರೆ? ಬರೀ ಕಂಬಿ ನಿಲ್ಲಿಸಿದ್ರೆ ಅದರ ಮೇಲೂ ಟವೆಲ್ ಒಣಗುತ್ತೆ."

"ಹೌದು ಪಪ್ಪಾ, ಅದು ಚೀಟಿಂಗ್ ಲಾ" ಎಂದಳು ಸಿಂಚನಾ, ಇಲ್ಲಿನ ಮಕ್ಕಳ ಧಾಟಿಯಲ್ಲಿ.

ಗಿರಿಧರ್ ಮುಖ ಬಿಗಿಯಿತು. ನಾವು ಈ ದೇಶಕ್ಕೆ ಬಂದಿರುವುದು ಮಗಳ ಓದಿಗಾಗಿ, ಬೀದಿಯಲ್ಲಿ ನಡೆಸುವುದಕ್ಕಲ್ಲ, ದುಡ್ಡು ಕೊಡುವವನನ್ನು ಮನೆಗೆ ಬಂದು ತಪ್ಪಿತಸ್ಥನ ಹಾಗೆ ನಿಲ್ಲಿಸಬೇಡಿ ಎಂದರು. ನನ್ನ ನಾಲಿಗೆ ತುದಿಗೆ ಬಂದಿದ್ದ ಮಾತು ಒಳ್ಳೆಯದಾಗಿರಲಿಲ್ಲ. ಅಷ್ಟರಲ್ಲಿ ಮೂಲೆಯಿಂದ ದತ್ತಾತ್ರೇಯ ಅವರು ಮಗನನ್ನು ಕರೆದರು. ಒಂದೊಂದು ಪದಕ್ಕೂ ಅವರಿಗೆ ಕಷ್ಟವಾಗುತ್ತಿತ್ತು, ನಾವೆಲ್ಲ ಕಾದೆವು.

"ಗಿರಿ, ನನಗೂ ನೀನು ಹೀಗೇ ಮಾಡ್ತಿದ್ದೀಯಪ್ಪ. ಎಲ್ಲಾದಕ್ಕೂ ದುಡ್ಡು ಕೊಟ್ಟಿದ್ದೀಯ. ನನ್ನ ಜೊತೆ ಕೆಳಗೆ ಒಂದ್ ಸಲಾನೂ ನಡೆದಿಲ್ಲ."

ಸೀತಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಗಿರಿಧರ್ ಅಪ್ಪನ ಕಾಲನ್ನೇ ನೋಡುತ್ತಿದ್ದರು. ಮೇಷ್ಟ್ರು ನಲವತ್ತು ದಾಟಿದ ಮಗನಿಗೆ ಬೈದಿರಲಿಲ್ಲ, ಇದ್ದದ್ದನ್ನು ಹೇಳಿದ್ದರು ಅಷ್ಟೇ. ನಾವು ಎದ್ದು ಬಂದೆವು.

ಮರುದಿನ ಗ್ರೂಪಿನಲ್ಲಿ ಗಿರಿಧರ್ ಮತ್ತೆ ಬರೆದರು. ನನ್ನ ಸಲಹೆ ತಪ್ಪು, ವಾಪಸ್ ತಗೊಂಡಿದ್ದೇನೆ, ಸಿಂಚನಾ ನಡೆಯುತ್ತಾಳೆ, ಜೊತೆಗೆ ನಾನೂ ಬರುತ್ತೇನೆ. ಮುಂಚೆ ಹೆಬ್ಬೆಟ್ಟು ಒತ್ತಿದವರಲ್ಲಿ ಬಹಳ ಜನ ಮತ್ತೆ ಒತ್ತಿದರು, ಈ ಸಲ ಸರಿಯಾದ ಕಡೆಗೆ.

ಮಕ್ಕಳು ನಡೆದರು. ಕಾಲಿಗೆ ಬೊಬ್ಬೆ ಬಂತು, ಹಾಡು ಹೇಳಿದರು, ಬೆವರಿ ತೊಪ್ಪೆಯಾದರು. ಇಬ್ಬರು ವ್ಯಾನ್ ಹತ್ತಿದರು, ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಪುಂಗೋಲ್ ತಲುಪಿದಾಗ ಎಲ್ಲರಿಗಿಂತ ಹಿಂದೆ ಬಿದ್ದಿದ್ದವರು ಗಿರಿಧರ್, ಕಾರಣ ಅವತ್ತು ಹೊಸ ಶೂ ಹಾಕಿಕೊಂಡು ಬಂದಿದ್ದರು. ತಾತ ಮೊಮ್ಮಗಳಿಗೆ ಹೇಳಿದ್ದನ್ನು ಅವರು ಕೇಳಿಸಿಕೊಂಡೇ ಇರಲಿಲ್ಲ.

ಕೌಶಿಕ ಬರಲಿಲ್ಲ. ಅವನ ಅಮ್ಮ ಆಮೇಲೆ ನನಗೇ ಫೋನ್ ಮಾಡಿ, ನಾವು ದುಡ್ಡು ಕೊಟ್ಟಿದ್ದೇವಲ್ಲ, ಸರ್ಟಿಫಿಕೇಟ್ ಯಾವಾಗ ಕೊಡ್ತಾರೆ ಎಂದು ಕೇಳಿದರು. ರಸೀದಿ ಕೊಡಿಸ್ತೀನಿ ಎಂದೆ. ಅವರು ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ, ನನಗೆ ಅದರ ಬೇಸರವೇನೂ ಇಲ್ಲ.

ಜೂನ್ ಹೊತ್ತಿಗೆ ಕಂಬಿ ನಿಂತಿತು. ಈಗ ಸಂಜೆ ದತ್ತಾತ್ರೇಯ ಅವರು ವೀಲ್‌ಚೇರಿನಿಂದ ಎದ್ದು ಕಂಬಿ ಹಿಡಿಯುತ್ತಾರೆ. ಎದುರಿನಿಂದ ಮೇಡಂ ಲಿಮ್ ಬರುತ್ತಾರೆ, ಅವರ ಪಕ್ಕದಲ್ಲಿ ಸಿಂಚನಾ. ದತ್ತಾತ್ರೇಯ ಅವರ ಪಕ್ಕದಲ್ಲಿ, ಟೈ ಸಡಿಲಿಸಿಕೊಂಡು, ಆಫೀಸಿನಿಂದ ನೇರವಾಗಿ ಬಂದ ಗಿರಿಧರ್.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಈ ನಡಿಗೆ ಈಗ ಪ್ರತಿ ವರ್ಷ ನಡೆಯುತ್ತದೆ, ಈ ವರ್ಷವೂ ನಿಮ್ಮ ಮಗು ನಡಿಗೆಯ ಫಾರಂ ಹಿಡಿದು ಬರುತ್ತದೆ. ದುಡ್ಡು ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಮಗುವಿನ ನಡಿಗೆಯನ್ನು ದುಡ್ಡು ಕೊಟ್ಟು ಕಿತ್ತುಕೊಳ್ಳಬೇಡಿ. ಬೆಳಗ್ಗೆ ಬೇಗ ಎಬ್ಬಿಸಿ, ತಿಂಡಿ ತಿನ್ನಿಸಿ, ನೀರಿನ ಬಾಟಲು ತುಂಬಿಸಿ, ಹಳೆ ಶೂ ಹಾಕಿಸಿ ಕಳಿಸಿ. ಸಾಧ್ಯವಾದರೆ ಜೊತೆಗೆ ಹೋಗಿ. ಅದಕ್ಕೂ ಮುಂಚೆ, ಇವತ್ತೇ, ಈ ಹಾಳೆ ಕೆಳಗಿಟ್ಟ ಮೇಲೆ, ಸೋಫಾದ ಮೇಲೆ ಕೂತಿರುವ ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಒಂದು ಮಾತು ಕೇಳಿ: ಕೆಳಗೆ ಹೋಗಿ ಸ್ವಲ್ಪ ನಡೆದು ಬರೋಣವಾ?