ಅಂಟಿಸಿದ ಎಲೆ

ನೆನೆಸಿಟ್ಟ ತೊಟ್ಟನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಅವಳು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಈಗಲೂ ಅದೇ. ಅಗಲ ಎಲೆಯ ತೊಟ್ಟಿನಲ್ಲಿ ನೀರು ಹರಿಯುವ ನಾಳ ಎರಡು ಎಳೆ. ಕಿರಿದಾದ ಎಲೆಯದ್ದರಲ್ಲಿ ದೋಣಿಯಂತೆ ಬಾಗಿದ ಒಂದೇ ಎಳೆ. ಎರಡನ್ನೂ ಬುಡದಲ್ಲೇ ಕೊಯ್ದಿದ್ದಳು; ಒಂದೇ ಗಿಡದ ಎಲೆಗಳಾದರೆ ಎಳೆಗಳೂ ಹೊಂದಬೇಕಿತ್ತು.

ಒಂದೇ ಜರೀಗಿಡ ಎರಡು ಬಗೆಯ ಎಲೆ ಬಿಡುವುದುಂಟು: ಅಗಲದ್ದು ಬರೀ ಎಲೆ, ಕಿರಿದಾದದ್ದು ಬೆನ್ನ ತುಂಬ ಬೀಜಕದ ಕಂದು ಪುಡಿ ಹೊತ್ತದ್ದು. ಒಣಗಿಸಿ ಹಾಳೆಗೆ ಕೂರಿಸಿದ ಈ ಜೋಡಿಯನ್ನು ತೋರಿಸಿಯೇ ನಾದಿನಿ ಇದು ಹೊಸ ಜಾತಿಯೆಂದು ಬರೆದಿದ್ದಳು. ಗಿಡವನ್ನು ಹುಡುಕಿ ತಂದವರು ತೀರಿಹೋದ ಅತ್ತೆ. ಜಾತಿಗೆ ಇಡುವುದೂ ಅವರದೇ ಹೆಸರು. ಪರಿಶೀಲಿಸಿದ್ದೇನೆಂದು ಸೊಸೆಯಾದ ಇವಳು ಸಹಿ ಹಾಕುವುದಷ್ಟೇ ಬಾಕಿ.

ಆದರೆ ಅಗಲ ಎಲೆಗೆ ಅತ್ತೆಯ ಬಿಳಿ ದಾರದ ಹೊಲಿಗೆಯಿತ್ತು. ಕಿರಿದಾದದ್ದಕ್ಕೆ ಅಂಟು.

"ಇನ್ನೂ ಅದನ್ನೇ ನೋಡ್ತಿದೀರಾ ಅತ್ತಿಗೆ?" ಲ್ಯಾಬಿನ ಬಾಗಿಲಲ್ಲಿ ನಾದಿನಿ. "ಅಮ್ಮ ಬದುಕಿದ್ದಾಗ ಅವಳ ಮುಖಾನೂ ಇಷ್ಟು ಹೊತ್ತು ನೋಡಿರ್ಲಿಲ್ಲ ನೀವು."

"ಇದಕ್ಯಾಕೆ ಅಂಟು?"

"ಕೊನೆಕೊನೆಗೆ ಕೈ ನಡುಗ್ತಿತ್ತಲ್ಲ. ಹೊಲಿಯೋದು ಬಿಟ್ಟಿದ್ಲು."

"ಎರಡೂ ಒಂದೇ ಬುಡದ್ದಾ?"

"ಮತ್ತಿನ್ನೇನು, ಪಕ್ಕದ್ಮನೇದಾ?" ನಾದಿನಿ ನಗುತ್ತಲೇ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಸಹಿ ಹಾಕಿಬಿಡಿ."

"ಕಣ್ಣು ಉರೀತಿದೆ. ಆಮೇಲೆ ಹಾಕ್ತೀನಿ."

"ನಿಮ್ಮ ಕಣ್ಣಿಗೆ ಯಾರ ಕಣ್ಣು ಬಿತ್ತೋ," ಎಂದು ನಾದಿನಿ ಹಾಳೆಯನ್ನು ಎತ್ತಿಕೊಂಡೇ ಹೋದಳು.

ಕೈ ನಡುಗುತ್ತಿದ್ದುದು ನಿಜ. ಆದರೆ ಕೊನೆಯವರೆಗೂ ಸೂಜಿಗೆ ದಾರ ಪೋಣಿಸಿಕೊಟ್ಟವಳು ಇವಳೇ. ಅಂಟಿನ ವಾಸನೆಗೇ ಅತ್ತೆ ಮೂಗು ಮುರಿಯುತ್ತಿದ್ದರು. ಅಥವಾ ತನಗೆ ಗೊತ್ತಿಲ್ಲದಂತೆ ಒಂದನ್ನು ಅಂಟಿಸಿದ್ದರೇ? ಬಾಯಿಬಿಟ್ಟರೆ, ತಾಯಿಯ ಹೆಸರು ಅಚ್ಚಾಗುವುದನ್ನೇ ಕಾದು ಕೂತ ಗಂಡ ಹೆಂಡತಿಯನ್ನು ನಂಬುತ್ತಾನೋ, ತಂಗಿಯನ್ನೋ? ಸುಮ್ಮನೆ ಸಹಿ ಹಾಕಿದರೆ ಸುಳ್ಳಿನಲ್ಲಿ ತನಗೂ ಪಾಲು.

ಹಾಳೆ ಜಾರಿದ ದಾರಿಯಲ್ಲಿ, ಮೇಜಿನ ಮೇಲೆ, ಕಂದು ಪುಡಿ ಗೆರೆಯಾಗಿ ಉಳಿದಿತ್ತು. ಒದ್ದೆ ಮಣ್ಣು ಸಿಕ್ಕರೆ ಅದು ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಹಸಿರು ಚೂರಾಗುತ್ತದೆ. ತಾಯಿಗಿಡದ ಹೋಲಿಕೆ ಲವಲೇಶವೂ ಇರುವುದಿಲ್ಲ. ಅದರಲ್ಲಿ ಮರಿಗಿಡ ಹುಟ್ಟಿ, ಎಲೆ ಬಿಚ್ಚಿಕೊಂಡ ಮೇಲೆಯೇ ಯಾರ ಮನೆಯ ಕೂಸೆಂದು ತಿಳಿಯುವುದು. ತಿಂಗಳುಗಟ್ಟಲೆ ಕಾಯಬೇಕು.

ಅವಳು ಪುಡಿಯನ್ನು ಕುಂಚದಿಂದ ಕಾಗದಕ್ಕೆ ಬಳಿದು, ಮಡಿಸಿ, ಕನ್ನಡಕದ ಡಬ್ಬಿಯೊಳಗಿಟ್ಟಳು.

"ಸಹಿ ಆಯ್ತಾ?" ಮನೆಯಲ್ಲಿ ಗಂಡ ಕೇಳಿದ.

"ಕಣ್ಣುರಿ."

ಬಚ್ಚಲಿನ ಕಿಟಕಿಯಲ್ಲಿ ಯಾರೂ ಬಳಸದ, ಮುಚ್ಚಳವಿರುವ ಗಾಜಿನ ಬಟ್ಟಲೊಂದಿತ್ತು. ಒದ್ದೆ ಮಣ್ಣು ತುಂಬಿ ಪುಡಿಯನ್ನು ಅದರೊಳಗೆ ಉದುರಿಸಿದಳು. ಅದರಲ್ಲಿ ಎಲೆ ಮೂಡುವವರೆಗೆ ಕಣ್ಣು ಉರಿಯುತ್ತಲೇ ಇರಲಿ ಎಂದುಕೊಂಡಳು.