ಮೊದಲ ಪಾಕೀಟಿನ ಉಪ್ಪು

ಸೊಲ್ಲಾಪುರದ ಕಸ್ತೂರಬಾಯಿಯವರ ಮನೆಯಲ್ಲಿ ಮಾರಾಟಕ್ಕೆ ಶೇಂಗಾ ಚಟ್ನಿ ಮಾಡುವುದೆಂದರೆ ನಾಲ್ಕು ದಿನದ ಮದುವೆ ಇದ್ದ ಹಾಗೆ. ಮೊದಲ ದಿನ ಹತ್ತು ಕಿಲೋ ಶೇಂಗಾ ಹುರಿದು ಗುಡ್ಡೆ ಹಾಕುವುದು. ಎರಡನೆಯ ದಿನ ಅಷ್ಟರದೂ ಸಿಪ್ಪೆ ತೆಗೆಯುವುದು. ಮೂರನೆಯ ದಿನ ಕುಟ್ಟುವುದು, ನಾಲ್ಕನೆಯ ದಿನ ಪಾಕೀಟು ತುಂಬುವುದು. "ಒಂದ ಕೆಲಸಾ ಪೂರಾ ಮುಗಿಸೇ ಇನ್ನೊಂದಕ್ಕ ಕೈ ಹಚ್ಚಬೇಕು" ಎಂಬುದು ಅವರ ಕಟ್ಟಪ್ಪಣೆ.

ಹೋದ ತಿಂಗಳು ಎಡವಟ್ಟಾಯಿತು. ಅಕ್ಕಲಕೋಟದ ಅಂಗಡಿಕಾರ ಗುರುಶಾಂತ ನಲವತ್ತಕ್ಕೆ ನಲವತ್ತೂ ಪಾಕೀಟು ವಾಪಸು ಕಳಿಸಿದ. ಬಾಯಿಗೆ ಇಡಲಾಗದಷ್ಟು ಉಪ್ಪು! ಕುಟ್ಟುವಾಗ ಒರಳಿನ ಹತ್ತಿರ ಅತ್ತೆ ಸೊಸೆ ಇಬ್ಬರೂ ಇದ್ದರು. ಯಾರ ಕೈ ತಪ್ಪಿತೆಂದು ಆಮೇಲೆ ಹೇಳುವವರು ಯಾರು? ಕಸ್ತೂರಬಾಯಿ ಸೊಸೆ ಉಜ್ವಲಾಳ ಕಡೆ ಬೆರಳು ತೋರಿಸಿದರು. ಪಾಪ, ಅವಳು ಅಂದಿನಿಂದ ಒರಳಿನ ಹತ್ತಿರ ಸುಳಿಯಲಿಲ್ಲ.

ಈ ಮಂಗಳವಾರ ಸಂಜೆ ಗುರುಶಾಂತನ ಫೋನು ಬಂತು. "ಅಕ್ಕಾರ, ಗುರುವಾರ ಗುಡಿಗಿ ಮಂದಿ ಭಾಳ ಬರತಾರ. ನಾಳಿ ಸಂಜಿ ಬಸ್ಸಿಗಿ ನಲವತ್ತ ಪಾಕೀಟ ಕಳಸ್ರಿ. ಈ ಸಲಾನೂ ಕೆಟ್ಟರ ಬ್ಯಾರೆದವರ ಮಾಲ ಇಡತೀನಿ ನೋಡ್ರಿ."

"ನಾಕ ದಿನದ ಕೆಲಸಾ ಒಂದ ದಿನದಾಗ ಹ್ಯಾಂಗ ಆಗತದ?" ಕಸ್ತೂರಬಾಯಿ ತಲೆಗೆ ಕೈ ಹಚ್ಚಿ ಕುಳಿತರು.

ಅವರ ತಂಗಿಯ ಮಗಳು ಸಾರಿಕಾ ಅಲ್ಲೇ ಚಹಾ ಕುಡಿಯುತ್ತಿದ್ದಳು. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಸೂಪರ್‌ವೈಜರ್.

"ಮೌಶಿ, ಕೆಲಸಾ ಒಂದ ದಿನದ್ದ ಅದ. ಉಳದ ಮೂರ ದಿನಾ ಶೇಂಗಾ ಬುಟ್ಟ್ಯಾಗ ಸುಮ್ನ ಕೂತಿರತಾವ. ನಾವೂ ಮೊದಲ ಐದನೂರ ಕಾಲರ್ ಹೊಲದ ಗುಡ್ಡಾ ಹಾಕತಿದ್ವಿ. ಈಗ ಒಂದೊಂದ ಅಂಗಿ ಕೈಯಿಂದ ಕೈಗಿ ಹೋಗತದ. ತಪ್ಪಾದರ ಮುಂದಿನಾಕಿ ಅಲ್ಲೇ ಹಿಡೀತಾಳ."

"ಅಂಗಿ ಬ್ಯಾರೆ, ಚಟ್ನಿ ಬ್ಯಾರೆ. ಹತ್ತ ಸಲಾ ಕಡಾಯಿ ಏರಸೂದು, ಇಳಸೂದು, ಯಾರಿಗಿ ಬೇಕ ಈ ಉಸಾಬರಿ?"

"ಒಂದ ದಿನಾ ನನ್ನ ಮಾತ ಕೇಳ ಮೌಶಿ. ಆಗಲಿಲ್ಲಂದ್ರ ನಿನ್ನ ಪದ್ಧತೀನೇ ಖರೆ."

ಬೇರೆ ದಾರಿ ಇರಲಿಲ್ಲ. ಬುಧವಾರ ಬೆಳಿಗ್ಗೆ ಎಲ್ಲರೂ ಸಾಲಾಗಿ ಕುಳಿತರು. ಒಲೆಯ ಮುಂದೆ ಉಜ್ವಲಾ, ಮೊರ ಹಿಡಿದು ನೆರೆಮನೆಯ ಚಂದ್ರಭಾಗಾ, ಒರಳಿಗೆ ಕಸ್ತೂರಬಾಯಿ, ತಕ್ಕಡಿಗೆ ಅವರ ಯಜಮಾನರು ಶಾಂತಲಿಂಗಪ್ಪ. ಸಾರಿಕಾ ಹೇಳಿದ ನಿಯಮ ಎರಡೇ. ಒಂದೊಂದೇ ಕಿಲೋ ಮುಂದೆ ಸಾಗಬೇಕು, ಮುಂದಿನವರು ಕೇಳುವ ತನಕ ಹಿಂದಿನವರು ಗುಡ್ಡೆ ಹಾಕುವಂತಿಲ್ಲ. ಮೊದಲ ಪಾಕೀಟನ್ನು ರುಚಿ ನೋಡದೆ ಮುಚ್ಚುವಂತಿಲ್ಲ.

ಒಂದು ತಾಸಿನೊಳಗೆ ಮೊದಲ ಕಿಲೋ ತಕ್ಕಡಿಗೆ ಬಂತು. ಶಾಂತಲಿಂಗಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು.

"ಮತ್ತ ಉಪ್ಪ ಜಾಸ್ತಿ ಆಗ್ಯಾದಲ್ಲ."

ಉಜ್ವಲಾ ಒಲೆ ಬಿಟ್ಟು ಎದ್ದಿರಲಿಲ್ಲ. ಎಲ್ಲರ ಕಣ್ಣೂ ಒರಳಿನ ಕಡೆ ಹೊರಳಿದವು. ಕಸ್ತೂರಬಾಯಿ ತಮ್ಮ ಮೊಣಕಾಲಿನ ಪಕ್ಕದ ಉಪ್ಪಿನ ಡಬ್ಬಿ ನೋಡಿದರು. ಹುಳ ಬೀಳಬಾರದೆಂದು ಚಟ್ನಿಯ ಖಾರಪುಡಿಗೆ ಬೇಸಿಗೆಯಲ್ಲೇ ಉಪ್ಪು ಹಾಕಿ ಕುಟ್ಟಿಸಿದ್ದವರು ಅವರೇ. ಆದರೂ ಕೈ ತನ್ನ ಪಾಡಿಗೆ ತಾನು ಇನ್ನೊಂದು ಹಿಡಿ ಹಾಕಿತ್ತು. ಆ ಪುಡಿ ಬಳಸಲು ತೆಗೆದ ಹೋದ ತಿಂಗಳೂ ಹೀಗೇ ಆಗಿದ್ದು ಈಗ ಅವರಿಗೆ ಹೊಳೆಯಿತು. ನಾಚಿಕೆಯಾಯಿತು, ಜೊತೆಗೆ ತಡೆಯಲಾರದ ನಗುವೂ ಬಂತು.

"ಉಜ್ವಲಾ, ಆವತ್ತೂ ಇದೇ ಕೈ ಮಾಡ್ಯಾದ. ನಿನಗ ಸುಮ್ನ ಅಂದೆ. ಮನಸಿಗಿ ಹಚ್ಕೋಬ್ಯಾಡವ್ವ."

ಉಜ್ವಲಾಳ ಕಣ್ಣು ತುಂಬಿದವು. "ಇರಲಿ ಬಿಡ್ರಿ ಅತ್ತಿ. ಮೊದಲ ಆ ಡಬ್ಬಿ ಇಲ್ಲಿ ಕೊಡ್ರಿ," ಎಂದು ಇಸಿದುಕೊಂಡು ಮೇಲಿನ ಮಾಡದಲ್ಲಿಟ್ಟಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಕೆಟ್ಟದ್ದು ಒಂದೇ ಕಿಲೋ. ಅದು ಮೊಸರಿನ ಜೊತೆ ಮನೆಗೆ ಉಳಿಯಿತು. ಅದರ ಬದಲು ಇನ್ನೊಂದು ಕಿಲೋ ಹುರಿದರು. ನಾಲ್ಕು ಗಂಟೆಗೆ ನಲವತ್ತು ಪಾಕೀಟು ಅಕ್ಕಲಕೋಟದ ಬಸ್ಸು ಹತ್ತಿದವು.

ಗುರುವಾರ ಮಧ್ಯಾಹ್ನವೇ ಗುರುಶಾಂತ ಫೋನು ಮಾಡಿದ. "ಅಕ್ಕಾರ, ಎಲ್ಲಾ ಖಾಲಿ ಆಗ್ಯಾವ. ಇನ್ನ ನಲವತ್ತ ಕಳಸ್ರಿ."

"ನಾಳಿಗೇ ಬರತಾವ," ಎಂದ ಕಸ್ತೂರಬಾಯಿ ಕಡಾಯಿ ಎತ್ತಿಕೊಂಡು ಒಲೆಯ ಕಡೆ ನಡೆದರು. "ಉಜ್ವಲಾ, ಒರಳಿನ ಮುಂದ ನೀ ಕೂಡವ್ವ. ಹುರಿಯೂದು ನಾ ನೋಡತೀನಿ."

ಅಕ್ಕ ತಂಗಿಯರೇ, ನಿಮ್ಮ ಬಚತ ಗಟದಲ್ಲಿ, ಅಂದರೆ ಉಳಿತಾಯ ಸಂಘದಲ್ಲಿ, ನೀವು ಹಪ್ಪಳ ಮಾಡುತ್ತೀರೋ, ಅಂಗಿ ಹೊಲಿಯುತ್ತೀರೋ, ನಾಳೆ ಒಂದು ದಿನ ಗುಡ್ಡೆ ಹಾಕದೆ ಮಾಡಿ ನೋಡಿ. ಸ್ವಲ್ಪಸ್ವಲ್ಪವೇ ಕೈಯಿಂದ ಕೈಗೆ ಸಾಗಿಸಿ, ಮೊದಲನೆಯದನ್ನೇ ಪರೀಕ್ಷಿಸಿ. ಮಾಲು ಬೇಗ ಮುಗಿಯುತ್ತದೆ, ತಪ್ಪು ಇದ್ದರೆ ಅಲ್ಲೇ ಸಿಗುತ್ತದೆ. ಮಾಡದ ತಪ್ಪಿಗೆ ಯಾವ ಸೊಸೆಯೂ ತಲೆ ತಗ್ಗಿಸಬೇಕಾಗುವುದಿಲ್ಲ.